ದೊಡ್ಡ ಕರುಳಿನ ಆಪರೇಷನ್ ಮಾಡಿಸಬೇಕಾ, ಬೇಡವಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರ್ ಅಲ್ಲ, ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಗೆ ಹುಣ್ಣಾಗುವ ಕಾಯಿಲೆ) ಕಟ್ಟಿಕೊಂಡು ಒಂಬತ್ತು ವರ್ಷ ಒದ್ದಾಡಿ, ಕೊನೆಗೆ ದೊಡ್ಡ ಕರುಳನ್ನೇ ತೆಗೆಸಿಕೊಂಡವನು. ಈ ಸುದ್ದಿ ನೆಂಟರ ಬಾಯಿಂದ ನೆಂಟರಿಗೆ ಹೋಯಿತು. ಈಗ ಮದುವೆ ಮನೆಯಲ್ಲಿ ಪಕ್ಕಕ್ಕೆ ಕರೆದು ಕೇಳುವವರಿದ್ದಾರೆ, ರಾತ್ರಿ ಫೋನ್ ಮಾಡುವವರಿದ್ದಾರೆ, ಹೆಸರು ಹಾಕದೆ ಕಾಗದ ಬರೆಯುವವರೂ ಇದ್ದಾರೆ. ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವರು ಕೇಳಿದ ಹಾಗೇ ಇಲ್ಲಿ ಬರೆದಿದ್ದೇನೆ.

## ಮೊದಲು, ಕಾಯಿಲೆ ಯಾವುದು?

"ರಕ್ತ ಹೋಗ್ತಾ ಇದೆ. ಮೂಲವ್ಯಾಧಿ ಅಂತಾರೆ. ಅದೇ ಇರಬಹುದಲ್ವಾ?"

ಇರಬಹುದು. ನನಗೂ ಹಾಗೇ ಹೇಳಿದ್ದರು. ಒಂದೂವರೆ ವರ್ಷ ಮೂಲವ್ಯಾಧಿಯ ಮುಲಾಮು ಹಚ್ಚಿಕೊಂಡು ಕಳೆದೆ. ಒಳಗೆ ಹುಣ್ಣಾಗಿತ್ತು, ಯಾರೂ ಒಳಗೆ ನೋಡಿರಲಿಲ್ಲ.

ಮೂಲವ್ಯಾಧಿಯಲ್ಲಿ ಸಾಮಾನ್ಯವಾಗಿ ಮಲ ಹೋದ ಮೇಲೆ ಕೆಂಪು ರಕ್ತ ತೊಟ್ಟಿಕ್ಕುತ್ತದೆ. ಕೊಲೈಟಿಸ್‌ನಲ್ಲಿ ರಕ್ತದ ಜೊತೆ ಲೋಳೆ ಇರುತ್ತದೆ, ಭೇದಿ ವಾರಗಟ್ಟಲೆ ನಿಲ್ಲುವುದಿಲ್ಲ, ಹೊಟ್ಟೆ ನುಲಿಯುತ್ತದೆ. ಮುಖ್ಯವಾಗಿ, ನಿದ್ದೆಯಿಂದ ಎಬ್ಬಿಸಿ ಓಡಿಸುತ್ತದೆ. ತೂಕ ಇಳಿಯುತ್ತಿದ್ದರೆ, ಮೈಯಲ್ಲಿ ರಕ್ತ ಕಮ್ಮಿಯಾಗಿದ್ದರೆ ಕೊಲೊನೋಸ್ಕೋಪಿ (ಗುದದಿಂದ ಕ್ಯಾಮೆರಾ ಹಾಕಿ ಒಳಗೆ ನೋಡುವುದು) ಮತ್ತು ಬಯಾಪ್ಸಿ (ಚೂರು ತೆಗೆದು ಪರೀಕ್ಷೆ ಮಾಡುವುದು) ಮಾಡಿಸಲೇಬೇಕು. ವಯಸ್ಸಾದವರಲ್ಲಿ ರಕ್ತ ಕಂಡರೆ ಇನ್ನೂ ಬೇಗ, ಯಾಕೆಂದರೆ ಅಲ್ಲಿ ಕ್ಯಾನ್ಸರ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು.

"ಕೊಲೈಟಿಸ್, ಕ್ರೋನ್ಸ್ ಎರಡೂ ಒಂದೇ ಅಲ್ವಾ? ಆಪರೇಷನ್ ಮಾಡಿದ್ರೆ ಎರಡೂ ಹೋಗುತ್ತಲ್ಲ?"

ಇಲ್ಲ. ಆಪರೇಷನ್ ಲೆಕ್ಕಾಚಾರ ಪೂರ್ತಿ ಬದಲಾಗುವುದೇ ಇಲ್ಲಿ.

ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿಗೆ ಸೀಮಿತ. ಗುದದ ಕಡೆಯಿಂದ ಶುರುವಾಗಿ ಮೇಲಕ್ಕೆ ಹಬ್ಬುತ್ತದೆ, ಒಳಪದರವನ್ನು ಮಾತ್ರ ಕೆಡಿಸುತ್ತದೆ. ದೊಡ್ಡ ಕರುಳನ್ನು ಪೂರ್ತಿ ತೆಗೆದರೆ ಅದಕ್ಕೆ ಇರಲು ಜಾಗವೇ ಇರುವುದಿಲ್ಲ. ಕ್ರೋನ್ಸ್ ಹಾಗಲ್ಲ. ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು. ಅಲ್ಲೊಂದು ಇಲ್ಲೊಂದು ತೇಪೆ ಹಾಕಿದ ಹಾಗೆ ಇರುತ್ತದೆ, ಕರುಳಿನ ಗೋಡೆಯನ್ನೇ ದಾಟುತ್ತದೆ. ಕೆಟ್ಟ ತುಂಡು ತೆಗೆದು ಹೊಲಿದರೆ, ಎಷ್ಟೋ ಜನರಿಗೆ ಆ ಹೊಲಿಗೆಯ ಹತ್ತಿರವೇ ಮತ್ತೆ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಕ್ರೋನ್ಸ್‌ನಲ್ಲಿ ಸರ್ಜನ್ ಆದಷ್ಟು ಕಮ್ಮಿ ಕತ್ತರಿಸಲು ನೋಡುತ್ತಾರೆ. ಕರುಳು ಕಿರಿದಾದ ಕಡೆ ತುಂಡು ತೆಗೆಯದೆ, ಉದ್ದಕ್ಕೆ ಸೀಳಿ ಅಡ್ಡಕ್ಕೆ ಹೊಲಿದು ಅಗಲ ಮಾಡುವುದೂ ಉಂಟು.

ಇಲ್ಲಿ ಬರೆದಿರುವುದರಲ್ಲಿ ಹೆಚ್ಚಿನದು ಕೊಲೈಟಿಸ್ ಬಗ್ಗೆ. ಕ್ರೋನ್ಸ್ ಇರುವವರು "ಅವರಿಗೆ ಗುಣ ಆಯ್ತಲ್ಲ" ಅಂತ ನನ್ನನ್ನು ನೋಡಿ ತೀರ್ಮಾನ ಮಾಡಬೇಡಿ.

"ಟಿ.ಬಿ. ಮಾತ್ರೆ ಕೊಟ್ಟು ನೋಡೋಣ ಅಂದ್ರು. ಅವರಿಗೇ ಗೊತ್ತಾಗಿಲ್ಲ ಅಂತಾನಾ?"

ಸಿಟ್ಟಾಗಬೇಡಿ. ನಮ್ಮ ದೇಶದಲ್ಲಿ ಕರುಳಿನ ಟಿ.ಬಿ. ಇನ್ನೂ ಇದೆ. ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗದಲ್ಲಿ ಟಿ.ಬಿ.ಯೂ ಕ್ರೋನ್ಸೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಬಯಾಪ್ಸಿಯಲ್ಲೂ ಕೆಲವೊಮ್ಮೆ ಬಿಡಿಸಿ ಹೇಳಲು ಆಗುವುದಿಲ್ಲ. ಆಗ ಟಿ.ಬಿ. ಔಷಧಿ ಶುರು ಮಾಡಿ, ಎರಡು ಮೂರು ತಿಂಗಳಿಗೆ ಮತ್ತೆ ಕೊಲೊನೋಸ್ಕೋಪಿ ಮಾಡಿ ಹುಣ್ಣು ಒಣಗಿದೆಯಾ ಅಂತ ನೋಡುತ್ತಾರೆ. ಟಿ.ಬಿ. ಇರುವವರಿಗೆ ಕ್ರೋನ್ಸ್ ಔಷಧಿ ಕೊಟ್ಟರೆ ಟಿ.ಬಿ. ಮೈಯೆಲ್ಲ ಹರಡಬಹುದು. ತುರ್ತು ಇಲ್ಲದಿದ್ದರೆ, ಇದು ಇತ್ಯರ್ಥ ಆಗುವವರೆಗೆ ಆಪರೇಷನ್ ಮಾತು ಬೇಡ.

"ಹಳ್ಳಿ ಔಷಧಿ ಒಂದು ನೋಡಿ, ಆಮೇಲೆ ಆಪರೇಷನ್ ಯೋಚನೆ ಮಾಡಿ ಅಂತಾರೆ ಮನೇಲಿ."

ನಾನೂ ಕುಡಿದಿದ್ದೇನೆ. ಕೊಡಸಿಗೆ ತೊಗಟೆ ಕಷಾಯ, ಇನ್ನೂ ಹೆಸರು ಹೇಳದ ಎರಡು ಬೇರು. ಮೊದಲ ಸಲ ಹದಿನೈದು ದಿನಕ್ಕೆ ರಕ್ತ ನಿಂತಿತು. ಊರೆಲ್ಲ ಹೇಳಿಕೊಂಡು ಬಂದೆ. ಮೂರು ತಿಂಗಳಿಗೆ ಮತ್ತೆ ಬಂತು, ಆಗ ಅದೇ ಕಷಾಯ ಕೆಲಸ ಮಾಡಲಿಲ್ಲ.

ಈ ಕಾಯಿಲೆಯ ಗುಣವೇ ಹಾಗೆ. ಕೆರಳುತ್ತದೆ, ತಾನಾಗಿ ಮಲಗುತ್ತದೆ, ಮತ್ತೆ ಏಳುತ್ತದೆ. ಮಲಗುವ ಹೊತ್ತಿಗೆ ಕೈಯಲ್ಲಿ ಯಾವ ಔಷಧಿ ಇರುತ್ತದೋ ಅದಕ್ಕೆ ಹೆಸರು ಬರುತ್ತದೆ. ತಂಬುಳಿ ಉಣ್ಣಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಡಾಕ್ಟರ್ ಕೊಟ್ಟ ಮಾತ್ರೆ ಬಿಟ್ಟು ಪ್ರಯೋಗ ಮಾಡಬೇಡಿ. ಸ್ಟೀರಾಯ್ಡ್ ಅಂತೂ ಒಮ್ಮೆಲೇ ನಿಲ್ಲಿಸಬಾರದು, ಜೀವಕ್ಕೇ ಅಪಾಯ. ಇನ್ನೊಂದು: ಸೊಂಟ ನೋವು, ತಲೆನೋವು ಅಂತ ಅಂಗಡಿಯಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಗೊಂಡು ನುಂಗಬೇಡಿ. ಅವು ಕಾಯಿಲೆಯನ್ನು ಕೆರಳಿಸಬಹುದು.

## ತೂಗಿ ನೋಡುವ ಹೊತ್ತು

"ಆಪರೇಷನ್ ಬಿಟ್ಟು ಬೇರೆ ದಾರಿನೇ ಇಲ್ಲ ಅನ್ನೋದು ಯಾವಾಗ?"

ಕರುಳು ತೂತಾದಾಗ. ದೊಡ್ಡ ಕರುಳು ಬಲೂನಿನ ಹಾಗೆ ಊದಿ ವಿಷವೇರಿದಾಗ. ರಕ್ತ ನಿಲ್ಲದಿದ್ದಾಗ. ಕ್ಯಾನ್ಸರ್ ಕಂಡಾಗ. ಕ್ರೋನ್ಸ್‌ನಲ್ಲಾದರೆ ಔಷಧಿಗೆ ಬಗ್ಗದೆ ಕರುಳು ಕಟ್ಟಿಕೊಂಡಾಗ, ಕೆಲವು ಕೀವುಗಡ್ಡೆಗಳಲ್ಲಿ.

ಇದರ ಹಿಂದಿನ ಮೆಟ್ಟಿಲು ಗೊತ್ತಿರಲಿ. ದಿನಕ್ಕೆ ಆರು ಅಥವಾ ಅದಕ್ಕಿಂತ ಜಾಸ್ತಿ ಸಲ ರಕ್ತಭೇದಿ, ಜೊತೆಗೆ ಜ್ವರ ಅಥವಾ ನಾಡಿ 90ರ ಮೇಲೆ ಅಥವಾ ಹಿಮೋಗ್ಲೋಬಿನ್ 10.5ಕ್ಕಿಂತ ಕೆಳಗೆ ಇದ್ದರೆ ಅದು ಮನೆಯಲ್ಲಿ ನೋಡಿಕೊಳ್ಳುವ ಕಾಯಿಲೆ ಅಲ್ಲ. ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಸ್ಟೀರಾಯ್ಡ್ ಕೊಡುತ್ತಾರೆ. ಮೂರರಿಂದ ಐದು ದಿನದೊಳಗೆ ಬಗ್ಗದಿದ್ದರೆ ಇನ್‌ಫ್ಲಿಕ್ಸಿಮ್ಯಾಬ್ ಅಥವಾ ಸೈಕ್ಲೋಸ್ಪೋರಿನ್. ಅದಕ್ಕೂ ಬಗ್ಗದಿದ್ದರೆ ಸರ್ಜನ್. ಮೊದಲ ದಿನವೇ ಸರ್ಜನ್ ಬಂದು ನೋಡಿ ಹೋದರೆ ಹೆದರಬೇಡಿ, ಅದು ಒಳ್ಳೆಯ ಆಸ್ಪತ್ರೆಯ ಲಕ್ಷಣ.

ನಮ್ಮ ಕಡೆ "ಬೆಳಗಾಗಲಿ, ಮಳೆ ಬಿಡಲಿ" ಅನ್ನುವ ರೂಢಿ. ಜುಲೈ ರಾತ್ರಿ ಮರ ಬಿದ್ದು ರಸ್ತೆ ಬಂದ್ ಆಗುವ ಊರಿನವರು ಸಂಜೆಯೇ ಹೊರಡಬೇಕು.

"ಹೇಗೋ ದಿನ ದೂಡ್ತಾ ಇದ್ದೀನಿ ಮಾರಾಯ್ರೆ. ಇಷ್ಟಕ್ಕೆಲ್ಲ ಕರುಳು ತೆಗೆಸೋದಾ?"

ತುರ್ತು ಇಲ್ಲ, ಸುಖವೂ ಇಲ್ಲ. ಹೆಚ್ಚಿನವರು ನಿಂತಿರುವುದು ಇಲ್ಲೇ. ನಾನು ನಿಂತಿದ್ದೂ ಇಲ್ಲೇ, ಮೂರು ವರ್ಷ.

ಆಗ ನಾನು ಮಾಡುತ್ತಿದ್ದ ತಪ್ಪು ಹೋಲಿಕೆಯದು. ಹೊಟ್ಟೆಗೆ ಬ್ಯಾಗ್ (ಕರುಳು ತೆಗೆದ ಮೇಲೆ ಮಲ ಬೀಳಲು ಹೊಟ್ಟೆಯ ಮೇಲೆ ಅಂಟಿಸುವ ಚೀಲ) ಹಾಕಿಕೊಂಡ ಬದುಕನ್ನು, ಕಾಯಿಲೆ ಬರುವ ಮೊದಲಿನ ಬದುಕಿನ ಪಕ್ಕದಲ್ಲಿ ಇಟ್ಟು ನೋಡುತ್ತಿದ್ದೆ. ಮರ ಹತ್ತುತ್ತಿದ್ದೆ, ರಾತ್ರಿಯಿಡೀ ಯಕ್ಷಗಾನ ನೋಡುತ್ತಿದ್ದೆ, ಏನು ಬೇಕಾದರೂ ತಿನ್ನುತ್ತಿದ್ದೆ. ಅದರ ಎದುರು ಯಾವ ಆಪರೇಷನ್ ಗೆಲ್ಲುತ್ತದೆ? ಆದರೆ ಆ ಬದುಕು ನನ್ನ ಹತ್ತಿರ ಇರಲೇ ಇಲ್ಲ. ಹೋಗಿ ಏಳು ವರ್ಷ ಆಗಿತ್ತು. ಪಕ್ಕದಲ್ಲಿ ಇಡಬೇಕಾದದ್ದು ಈಗಿನ ಬದುಕು.

ಈಗಿನ ಬದುಕು ನಿಜವಾಗಿ ಹೇಗಿದೆ ಅಂತ ನಮಗೇ ಗೊತ್ತಿರುವುದಿಲ್ಲ, ರೂಢಿಯಾಗಿ ಬಿಟ್ಟಿರುತ್ತದೆ. ಡಾಕ್ಟರ್ ಕೇಳಿದರೆ "ಪರವಾಗಿಲ್ಲ" ಅನ್ನುತ್ತಿದ್ದೆ. ಹೆಂಡತಿ ಹಿಂದಿನಿಂದ ತಲೆ ಅಲ್ಲಾಡಿಸುತ್ತಿದ್ದಳು. ಕೊನೆಗೆ ಅವಳೇ ಸೊಸೈಟಿಯವರು ಕೊಟ್ಟ ಡೈರಿ ತಂದು ಕೈಗಿಟ್ಟಳು. ನಾಲ್ಕು ತಿಂಗಳು ಬರೆದೆ. ಎಷ್ಟು ಸಲ ಹೋದೆ, ರಕ್ತ ಇತ್ತಾ, ಎಷ್ಟು ಸ್ಟೀರಾಯ್ಡ್, ರಾತ್ರಿ ಎಷ್ಟು ಸಲ ಎದ್ದೆ. ಕೊನೆಯ ಕಾಲಂ ಅವಳು ಸೇರಿಸಿದ್ದು: ಹೋಗಬೇಕಿದ್ದು, ಹೋಗದೆ ಬಿಟ್ಟಿದ್ದು ಏನು.

ಆ ಕೊನೆಯ ಕಾಲಮ್ಮೇ ಕಣ್ಣು ತೆರೆಸಿತು. ಎರಡು ಮದುವೆ, ಒಂದು ತಿಥಿ, ಮಗನ ಶಾಲೆಯ ವಾರ್ಷಿಕೋತ್ಸವ, ಮಂಡಿಗೆ ಅಡಿಕೆ ತಗೊಂಡು ಹೋಗುವ ಕೆಲಸ ಮೂರು ಸಲ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ 60 ಕಿಲೋಮೀಟರ್. ಮಂಡಗದ್ದೆಯಲ್ಲಿ ಎಲ್ಲಿ ಇಳಿಯಬಹುದು, ಗಾಜನೂರಿನಲ್ಲಿ ಯಾವ ಹೋಟೆಲಿನವನು ಬೈಯುವುದಿಲ್ಲ, ಎಲ್ಲ ಬಾಯಿಪಾಠ ಆಗಿತ್ತು. ಇದನ್ನು "ಪರವಾಗಿಲ್ಲ" ಅನ್ನುತ್ತಿದ್ದೆ.

ನೀವೂ ಬರೆಯಿರಿ. ಬರೆದು ನೋಡಿದ ಮೇಲೆ "ಇಷ್ಟೇನಾ, ಇದನ್ನು ಸಹಿಸಬಹುದು" ಅನ್ನಿಸಿದರೆ ಆಪರೇಷನ್ ಬೇಡ. ಹಾಗೆ ತೀರ್ಮಾನಿಸಿ ಆರಾಮಾಗಿರುವ ಇಬ್ಬರು ನನಗೆ ಗೊತ್ತು.

"ಹೊಸ ಇಂಜೆಕ್ಷನ್ ಇದೆಯಂತೆ. ಅದನ್ನ ನೋಡದೇ ಆಪರೇಷನ್ ಮಾಡಿಸಿದ್ರೆ ತಪ್ಪಲ್ವಾ?"

ನೋಡಬಹುದು, ನೋಡಲೂಬೇಕು. ಮೆಸಲಮಿನ್, ಸ್ವಲ್ಪ ದಿನಕ್ಕೆ ಸ್ಟೀರಾಯ್ಡ್, ಆಮೇಲೆ ಅಜಥಿಯೋಪ್ರಿನ್, ಅದಕ್ಕೂ ಮೇಲೆ ಇನ್‌ಫ್ಲಿಕ್ಸಿಮ್ಯಾಬ್, ಅಡಲಿಮುಮ್ಯಾಬ್, ವೆಡೊಲಿಜುಮ್ಯಾಬ್ ಇಂಜೆಕ್ಷನ್‌ಗಳು, ಟೊಫಾಸಿಟಿನಿಬ್ ಮಾತ್ರೆ. ಸಾಗರದ ಕಡೆಯ ಒಬ್ಬ ಮೇಡಂ ಇಂಜೆಕ್ಷನ್ ಮೇಲೆಯೇ ನಾಲ್ಕು ವರ್ಷದಿಂದ ಶಾಲೆ ನಡೆಸುತ್ತಿದ್ದಾರೆ. ಆಪರೇಷನ್ ಮಾತೇ ಬಂದಿಲ್ಲ.

ಆದರೆ ಪ್ರತಿ ಔಷಧಿಗೂ ಗಡುವು ಕೇಳಿ. "ಎಷ್ಟು ವಾರಕ್ಕೆ ಗೊತ್ತಾಗುತ್ತೆ? ಆಗದಿದ್ರೆ ಮುಂದೇನು?" ಗಡುವು ಇಲ್ಲದೆ ಒಂದಾದ ಮೇಲೊಂದು ನೋಡುತ್ತಾ ಹೋದರೆ, ಮಧ್ಯದ ಕಂದಕ ತುಂಬುವುದು ಸ್ಟೀರಾಯ್ಡ್. ಅದು ಮೂಳೆ ತಿನ್ನುತ್ತದೆ, ಸಕ್ಕರೆ ಏರಿಸುತ್ತದೆ, ಕಣ್ಣಿಗೆ ಪೊರೆ ತರುತ್ತದೆ. ವರ್ಷಕ್ಕೆ ಎರಡು ಸಲ ಸ್ಟೀರಾಯ್ಡ್ ಬೇಕಾಗುತ್ತಿದ್ದರೆ, ಅಥವಾ ಡೋಸ್ ಇಳಿಸಿದ ಕೂಡಲೇ ಕಾಯಿಲೆ ಏಳುತ್ತಿದ್ದರೆ, ಈಗಿನ ಔಷಧಿ ಸಾಕಾಗಿಲ್ಲ ಅಂತಲೇ ಅರ್ಥ.

ಇಂಜೆಕ್ಷನ್‌ಗೆ ಮೊದಲು ಟಿ.ಬಿ. ಮತ್ತು ಹೆಪಟೈಟಿಸ್ ಬಿ ಪರೀಕ್ಷೆ ಆಗಬೇಕು. ನಮ್ಮ ಕಾಡಿನವರಿಗೆ ಇನ್ನೊಂದು ಮಾತು. ಇವು ಮೈಯ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗಳು. ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ (ಕಾಡಿನ ಉಣ್ಣೆ ಕಚ್ಚಿ ಬರುವ ಜ್ವರ) ಕಾಲ. ಸೊಪ್ಪು, ದರಕು ತರಲು ಕಾಡಿಗೆ ಹೋಗಿ ಬಂದು ಜ್ವರ ಕಂಡರೆ ತಡ ಮಾಡದೆ ತೋರಿಸಿ, ಯಾವ ಔಷಧಿಯಲ್ಲಿದ್ದೀರಿ ಅಂತಲೂ ಹೇಳಿ.

"ಎಂಟು ವರ್ಷ ಆಯ್ತು, ಈಗ ಆರಾಮಿದ್ದೀನಿ. ಕ್ಯಾನ್ಸರ್ ಆಗುತ್ತೆ ಅಂತ ಮೊದಲೇ ತೆಗೆಸಬೇಕಾ?"

ಬೇಡ. ಕಾಯಿಲೆ ಶುರುವಾಗಿ ಎಂಟು ವರ್ಷದ ಹೊತ್ತಿಗೆ ಒಂದು ಕೊಲೊನೋಸ್ಕೋಪಿ, ಆಮೇಲೆ ಅಪಾಯ ನೋಡಿಕೊಂಡು ಒಂದರಿಂದ ಐದು ವರ್ಷಕ್ಕೊಮ್ಮೆ. ಪಿತ್ತನಾಳದ ಪಿ.ಎಸ್.ಸಿ. ಅನ್ನುವ ಕಾಯಿಲೆಯೂ ಇದ್ದರೆ ಪ್ರತಿ ವರ್ಷ. ಆರಾಮಿದ್ದೀನಿ ಅಂತ ಇದನ್ನು ತಪ್ಪಿಸಬೇಡಿ, ಅಷ್ಟೇ.

"ಇನ್ನೊಬ್ಬ ಡಾಕ್ಟರ್ ಹತ್ರ ಕೇಳಿದ್ರೆ ಇವರಿಗೆ ಬೇಜಾರಾಗಲ್ವಾ?"

ಬೇಜಾರಾಗುವವರಾದರೆ ಇನ್ನೊಬ್ಬರನ್ನು ಕೇಳಲೇಬೇಕು. ಶಿವಮೊಗ್ಗದಲ್ಲಿ ಕಾಯಿಲೆ ಪತ್ತೆಯಾಗಿ, ಘಾಟಿ ಇಳಿದು ಮಣಿಪಾಲಕ್ಕೋ, ರೈಲು ಹತ್ತಿ ಬೆಂಗಳೂರಿಗೋ ಹೋಗಿ ಇನ್ನೊಂದು ಮಾತು ಕೇಳುವುದು ನಮ್ಮಲ್ಲಿ ರೂಢಿ. ಹೋಗುವಾಗ ಬರೀ ರಿಪೋರ್ಟ್ ಸಾಲದು. ಬಯಾಪ್ಸಿಯ ಗಾಜಿನ ಸ್ಲೈಡ್‌ಗಳನ್ನು ಕೇಳಿ ಪಡೆದುಕೊಳ್ಳಿ, ಸ್ಕ್ಯಾನ್ ಸಿ.ಡಿ. ಇರಲಿ. ಸರ್ಜನ್‌ಗೆ ಒಂದು ಪ್ರಶ್ನೆ ನೇರವಾಗಿ ಹಾಕಿ: "ಈ ಆಪರೇಷನ್ ವರ್ಷಕ್ಕೆ ಎಷ್ಟು ಮಾಡ್ತೀರಿ?" ಸಣ್ಣ ಕರುಳಿನಿಂದಲೇ ಒಳಗೆ ಚೀಲ ಮಾಡುವ ಪೌಚ್ ಆಪರೇಷನ್ ಪದೇ ಪದೇ ಮಾಡುವ ಕೈಗೇ ಪಳಗುವಂಥದ್ದು. ನನ್ನ ಸರ್ಜನ್ ನಕ್ಕು ಸಂಖ್ಯೆ ಹೇಳಿದರು. ಅದಕ್ಕೂ ಮೊದಲು ನೋಡಿದವರು "ಅದೆಲ್ಲ ನಿಮಗ್ಯಾಕೆ" ಅಂದಿದ್ದರು.

## ಆಪರೇಷನ್ ಅಂತ ಆದ ಮೇಲೆ

"ದೊಡ್ಡ ಕರುಳೇ ಇಲ್ದೆ ಮನುಷ್ಯ ಬದುಕ್ತಾನಾ? ಉಂಡಿದ್ದು ಎಲ್ಲಿಗೆ ಹೋಗುತ್ತೆ?"

ಊಟದ ಸಾರ ಎಳೆದುಕೊಳ್ಳುವುದು ಸಣ್ಣ ಕರುಳು. ದೊಡ್ಡ ಕರುಳಿನ ಮುಖ್ಯ ಕೆಲಸ ನೀರು, ಉಪ್ಪು ಹೀರಿ ಮಲ ಗಟ್ಟಿ ಮಾಡುವುದು. ಹಾಗಾಗಿ ಅದಿಲ್ಲದೆ ಬದುಕಬಹುದು, ನೀರು ಉಪ್ಪಿನ ಲೆಕ್ಕ ಮಾತ್ರ ನಾವೇ ಇಡಬೇಕು.

ದೊಡ್ಡ ಕರುಳು, ಗುದನಾಳ ತೆಗೆದ ಮೇಲೆ ಎರಡು ದಾರಿ. ಒಂದು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಶಾಶ್ವತವಾಗಿ ಬ್ಯಾಗ್. ಇನ್ನೊಂದು ಜೆ-ಪೌಚ್. ಸಣ್ಣ ಕರುಳಿನ ತುದಿಯನ್ನು ಮಡಚಿ, ಹೊಲಿದು, ಚೀಲದ ಹಾಗೆ ಮಾಡಿ ಗುದದ್ವಾರಕ್ಕೆ ಜೋಡಿಸುತ್ತಾರೆ. ಲಂಡನ್ನಿನ ಪಾರ್ಕ್ಸ್ ಮತ್ತು ನಿಕಲ್ಸ್ ಅನ್ನುವ ಸರ್ಜನ್‌ಗಳು ಇಂಥ ಪೌಚ್ ಬಗ್ಗೆ 1978ರಲ್ಲಿ ಬರೆದರು. ಹೊಲಿಗೆ ಮಾಯುವವರೆಗೆ ತಾತ್ಕಾಲಿಕ ಬ್ಯಾಗ್ ಇರುತ್ತದೆ. ಎರಡು ಹಂತ ಅಥವಾ ಮೂರು ಹಂತ. ಸ್ಟೀರಾಯ್ಡ್‌ನಲ್ಲಿ ಮುಳುಗಿದ್ದ ನನಗೆ ಮೂರು: ಫೆಬ್ರವರಿ, ಸೆಪ್ಟೆಂಬರ್, ಡಿಸೆಂಬರ್.

ಪೌಚ್ ಆದ ಮೇಲೆ ಮೊದಲಿನ ಹಾಗೆ ದಿನಕ್ಕೆ ಒಂದು ಸಲ ಅಂತ ಕನಸು ಕಾಣಬೇಡಿ. ನಾಲ್ಕರಿಂದ ಎಂಟು ಸಲ ಸಾಮಾನ್ಯ. ನನಗೆ ಐದಾರು. ವ್ಯತ್ಯಾಸ ಏನಂದರೆ, ಈಗ ತಡೆದುಕೊಳ್ಳಬಹುದು. ಬಸ್ಸು ಮಂಡಗದ್ದೆ ದಾಟಿದ್ದೇ ಗೊತ್ತಾಗುವುದಿಲ್ಲ.

"ಬ್ಯಾಗ್ ಹಾಕ್ಕೊಂಡು ತೋಟಕ್ಕೆ ಹೋಗೋದು ಹೇಗೆ? ದೇವಸ್ಥಾನ? ವಾಸನೆ ಬರಲ್ವಾ?"

ಹತ್ತು ತಿಂಗಳು ಬ್ಯಾಗ್ ಇತ್ತು, ಒಂದು ಪೂರ್ತಿ ಮಳೆಗಾಲ ಸೇರಿ.

ಆಪರೇಷನ್‌ಗೆ ಮೊದಲು ಹೊಟ್ಟೆಯ ಮೇಲೆ ಜಾಗ ಗುರುತು ಮಾಡುತ್ತಾರೆ, ಸಾಮಾನ್ಯವಾಗಿ ಬಲಗಡೆ. ಆಗ ಸುಮ್ನೆ ಮಲಗಿರಬೇಡಿ. ಎದ್ದು ನಿಲ್ಲಿ, ಬಗ್ಗಿ, ಕುಕ್ಕರಗಾಲಲ್ಲಿ ಕೂತು ತೋರಿಸಿ. ಪಂಚೆ ಎಲ್ಲಿ ಕಟ್ಟುತ್ತೀರಿ, ಸೀರೆಯ ನೆರಿಗೆ ಎಲ್ಲಿ ಸಿಗಿಸುತ್ತೀರಿ ಅಂತ ಹೇಳಿ. ನಾನು ಪಂಚೆ ಉಟ್ಟುಕೊಂಡೇ ಹೋಗಿದ್ದೆ. ನರ್ಸ್ ಗುರುತನ್ನು ಎರಡು ಬೆರಳು ಕೆಳಗೆ ಇಳಿಸಿದರು. ಆ ಎರಡು ಬೆರಳಿನಿಂದ ಉಳಿದ ಕಷ್ಟ ಎಷ್ಟೋ.

ಮೂರನೇ ಒಂದು ಭಾಗ ತುಂಬಿದಾಗ ಖಾಲಿ ಮಾಡಬೇಕು. ಅಂಟು ಪಟ್ಟಿಯನ್ನು ಮೂರು ನಾಲ್ಕು ದಿನಕ್ಕೊಮ್ಮೆ ಬದಲಿಸಬೇಕು. ನಮ್ಮ ಜಡಿಮಳೆಯ ತೇವಕ್ಕೆ ನನಗೆ ಎರಡೇ ದಿನಕ್ಕೆ ಅಂಚು ಏಳುತ್ತಿತ್ತು. ಚರ್ಮ ಚೆನ್ನಾಗಿ ಒಣಗಿಸಿ ಅಂಟಿಸುವುದೇ ಗುಟ್ಟು. ಹೆಂಡತಿ ಹೇರ್ ಡ್ರೈಯರ್ ತಣ್ಣನೆ ಗಾಳಿಗೆ ಇಟ್ಟು ಹಿಡಿಯುತ್ತಿದ್ದಳು. ಬ್ಯಾಗ್ ಸರಿಯಾಗಿ ಕೂತಿದ್ದರೆ ವಾಸನೆ ಬರುವುದಿಲ್ಲ. ಬಂದರೆ ಸೋರುತ್ತಿದೆ ಅಂತ.

ಆರೆಂಟು ವಾರ ಭಾರ ಎತ್ತಬಾರದು. ಹರ್ನಿಯಾ ಆಗುತ್ತದೆ. ಆ ವರ್ಷ ಕೊಳೆ ಔಷಧಿ ಹೊಡೆಸುವುದು, ಅಡಿಕೆ ಮೂಟೆ ಎಲ್ಲ ತಮ್ಮನ ಪಾಲಾಯಿತು. ಆಮೇಲೆ ತೋಟ ಸುತ್ತಾಡಿದೆ, ಬೈಕ್ ಓಡಿಸಿದೆ.

ದೇವಸ್ಥಾನದ ಪ್ರಶ್ನೆ ನನ್ನ ಅಮ್ಮನದೂ ಆಗಿತ್ತು. ಮಡಿ ಅಂದರೆ ಮಡಿ ಅವರಿಗೆ. ಒಂದು ವಾರ ಮಾತಾಡಲಿಲ್ಲ. ಆಮೇಲೆ ಒಂದು ದಿನ ಬಚ್ಚಲಿಗೆ ಬಿಸಿನೀರು ತಂದಿಟ್ಟು, "ಎಲ್ಲರ ಹೊಟ್ಟೇಲೂ ಅದೇ ಇರೋದು, ನಿನ್ನದು ಹೊರಗೆ ಕಾಣುತ್ತೆ ಅಷ್ಟೇ" ಅಂದರು. ದೀಪಾವಳಿ ಪೂಜೆಗೆ ನಾನೇ ಕೂತೆ.

"ಹಲಸು, ಕಳಲೆ, ಅಣಬೆ ಎಲ್ಲ ಬಿಡಬೇಕಾ?"

ಮೊದಲ ಒಂದೂವರೆ ಎರಡು ತಿಂಗಳು ಬಿಡಿ. ನಾರು, ಗಟ್ಟಿ ತುಂಡು ಸ್ಟೋಮಾದ (ಹೊಟ್ಟೆಯ ಮೇಲೆ ತಂದ ಕರುಳಿನ ತುದಿ) ಬಾಯಲ್ಲಿ ಸಿಕ್ಕಿಕೊಳ್ಳುತ್ತವೆ. ಹಲಸಿನ ತೊಳೆ, ಕಳಲೆ, ಅಣಬೆ, ಕೊಬ್ಬರಿ ಚೂರು, ಜೋಳ ಇವೆಲ್ಲ ಆ ಪಟ್ಟಿಯಲ್ಲಿವೆ. ಆಮೇಲೆ ಒಂದೊಂದಾಗಿ, ಸ್ವಲ್ಪ ಸ್ವಲ್ಪ, ಚೆನ್ನಾಗಿ ಅಗಿದು. ಬ್ಯಾಗಿಗೆ ಏನೂ ಬರದೆ ಹೊಟ್ಟೆ ನುಲಿದು ವಾಂತಿ ಶುರುವಾದರೆ ಆಸ್ಪತ್ರೆಗೆ.

ಗಂಜಿ, ಬಾಳೆಹಣ್ಣು ಹೊರಬರುವುದನ್ನು ಗಟ್ಟಿ ಮಾಡುತ್ತವೆ. ಎಳನೀರನ್ನೇ ನಂಬಬೇಡಿ, ಅದರಲ್ಲಿ ಸೋಡಿಯಂ ಕಮ್ಮಿ, ನಿಮಗೆ ಬೇಕಾದದ್ದು ಅದೇ. ಬರೀ ನೀರು ಜಾಸ್ತಿ ಕುಡಿದರೂ ಇನ್ನಷ್ಟು ಹೊರಗೆ ಹೋಗುತ್ತದೆ. ಓ.ಆರ್.ಎಸ್. ಸರಿಯಾದ್ದು. ಉಪ್ಪು ಹಾಕಿದ ಗಂಜಿತಿಳಿಯೂ ಆಗುತ್ತದೆ. ಬಿಪಿ ಅಂತ ಉಪ್ಪು ಬಿಟ್ಟವರು ಡಾಕ್ಟರನ್ನು ಕೇಳಿಕೊಳ್ಳಿ.

"ಮಗಳಿಗೆ ಇಪ್ಪತ್ತೆರಡು. ಆಪರೇಷನ್ ಆದ್ರೆ ಮದುವೆ, ಮಕ್ಕಳು?"

ಮಕ್ಕಳಾಗುತ್ತವೆ. ಆದರೆ ಪೌಚ್ ಆಪರೇಷನ್ ಕಿಬ್ಬೊಟ್ಟೆಯ ಆಳದಲ್ಲಿ ಆಗುವುದರಿಂದ ಗರ್ಭನಾಳದ ಸುತ್ತ ಅಂಟು ಬೆಳೆದು ಗರ್ಭ ನಿಲ್ಲುವುದು ಕಷ್ಟವಾಗಬಹುದು. ಲ್ಯಾಪ್ರೋಸ್ಕೋಪಿಯಲ್ಲಿ (ಸಣ್ಣ ತೂತುಗಳ ಮೂಲಕ ಮಾಡುವ ಆಪರೇಷನ್) ಈ ತೊಂದರೆ ಕಮ್ಮಿ. ಇನ್ನೊಂದು ದಾರಿ, ಈಗ ದೊಡ್ಡ ಕರುಳು ಮಾತ್ರ ತೆಗೆದು ಬ್ಯಾಗ್ ಇಟ್ಟು, ಪೌಚ್ ಕೆಲಸವನ್ನು ಮಕ್ಕಳಾದ ಮೇಲೆ ಮಾಡಿಸುವುದು. ಗಂಡಸರಿಗೂ ಆ ಭಾಗದ ನರಗಳಿಗೆ ಪೆಟ್ಟಾಗುವ ಸಣ್ಣ ಅಪಾಯ ಇದೆ, ನಾಚಿಕೆ ಬಿಟ್ಟು ಕೇಳಿ.

ಮದುವೆಗೆ ಮೊದಲು ಹುಡುಗನಿಗೆ ಹೇಳಬೇಕಾ ಅಂತ ಆ ತಾಯಿ ಆಮೇಲೆ ಮೆಲ್ಲಗೆ ಕೇಳಿದರು. ಹೇಳಬೇಕು. ಆದರೆ ಹೇಳಬೇಕಾದವಳು ಮಗಳು, ಹೇಳುವ ಹೊತ್ತು ಅವಳದು. ತೀರ್ಮಾನವೂ ಅವಳದೇ. ಅವಳು ಆವತ್ತು ಬಂದೇ ಇರಲಿಲ್ಲ.

"ಖರ್ಚು ತಡೆಯೋಕಾಗುತ್ತಾ?"

ಸೇರುವ ಮೊದಲೇ ವಿಚಾರಿಸಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎ.ಪಿ.ಎಲ್. ಆದರೆ ಪ್ಯಾಕೇಜ್ ದರದ ಶೇ. 30 ಮಾತ್ರ ಸರ್ಕಾರ ಕೊಡುತ್ತದೆ, ಅದಕ್ಕೂ ವರ್ಷಕ್ಕೆ 1.5 ಲಕ್ಷದ ಮಿತಿ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗುತ್ತದೆ. ನಮ್ಮ ಜಿಲ್ಲೆಯವರು ಅದಕ್ಕೆ ಮೆಗ್ಗಾನ್ ಆಸ್ಪತ್ರೆಗೇ ಹೋಗುವುದು. ಸೊಸೈಟಿ ಸದಸ್ಯರಾದರೆ ಯಶಸ್ವಿನಿ ಆರೋಗ್ಯ ಯೋಜನೆಯನ್ನೂ ಕೇಳಿ. ಬ್ಯಾಗಿನ ತಿಂಗಳ ಖರ್ಚನ್ನು ಎಲ್ಲರೂ ಲೆಕ್ಕದಿಂದ ಬಿಡುತ್ತಾರೆ, ಬಿಡಬೇಡಿ.

"ಮಾಡಿಸೋದೇ ಆದ್ರೆ ಯಾವ ತಿಂಗಳು ಒಳ್ಳೇದು?"

ಇದನ್ನು ಕೇಳಿದವರು ಪಂಚಾಂಗ ತೆಗೆದಿಟ್ಟುಕೊಂಡೇ ಕೇಳಿದ್ದರು. ನಾನು ನೋಡಿದ್ದು ಮಳೆ ಮತ್ತು ಕೊಯ್ಲು. ಕೊಯ್ಲು, ಸುಲಿತ ಮುಗಿದ ಮೇಲೆ, ಮಳೆ ಶುರುವಾಗುವ ಮೊದಲು.

ಅದಕ್ಕಿಂತ ಮುಖ್ಯ ನಿಮ್ಮ ಮೈ. ಹಿಮೋಗ್ಲೋಬಿನ್ ಏರಿರಬೇಕು, ಸ್ಟೀರಾಯ್ಡ್ ಆದಷ್ಟು ಇಳಿದಿರಬೇಕು, ತೂಕ ಸ್ವಲ್ಪ ಕೂಡಿರಬೇಕು, ಬೀಡಿ ಬಿಟ್ಟಿರಬೇಕು. ಹೀಗೆ ತಯಾರಾಗಿ ನಡೆದುಕೊಂಡು ಹೋಗಿ ಮಾಡಿಸಿಕೊಳ್ಳುವ ಆಪರೇಷನ್ನೂ, ಆಂಬುಲೆನ್ಸ್‌ನಲ್ಲಿ ಹೋಗಿ ಮಾಡಿಸಿಕೊಳ್ಳುವ ಆಪರೇಷನ್ನೂ ಹೆಸರಿಗೆ ಮಾತ್ರ ಒಂದೇ. ನಾನು ಎರಡು ವರ್ಷ ಮುಂದೂಡಿದ್ದಕ್ಕೆ ಕೊಟ್ಟ ಬೆಲೆ ಅದೇ. ಎರಡು ಹಂತದಲ್ಲಿ ಮುಗಿಯಬಹುದಾಗಿದ್ದು ಮೂರಾಯಿತು.

"ಪೌಚ್ ಆಮೇಲೆ ಕೈ ಕೊಟ್ರೆ?"

ಪೌಚ್‌ಗೂ ಉರಿಯೂತ ಬರುತ್ತದೆ, ಪೌಚೈಟಿಸ್ ಅಂತಾರೆ. ತುಂಬ ಜನರಿಗೆ ಒಮ್ಮೆಯಾದರೂ ಬರುತ್ತದೆ. ನನಗೆ ಎರಡು ಸಲ ಬಂತು. ದಿನಕ್ಕೆ ಹನ್ನೆರಡು ಸಲ ಓಡಾಟ, ಮೈ ಬಿಸಿ. ಹಳೇ ಕಾಯಿಲೆಯೇ ಬಂತು ಅಂತ ಎದೆ ಒಡೆಯಿತು. ಸಿಪ್ರೊಫ್ಲಾಕ್ಸಾಸಿನ್ ಎರಡು ವಾರ ತಗೊಂಡ ಮೇಲೆ ಇಳಿಯಿತು. ಕೆಲವರಿಗೆ ಮತ್ತೆ ಮತ್ತೆ ಬರುತ್ತದೆ. ಕೆಲವರಿಗೆ ಮೊದಲು ಕೊಲೈಟಿಸ್ ಅಂದುಕೊಂಡದ್ದು ಕ್ರೋನ್ಸ್ ಅಂತ ಆಮೇಲೆ ಗೊತ್ತಾಗುತ್ತದೆ. ಸ್ವಲ್ಪ ಜನರಿಗೆ ಕೊನೆಗೆ ಪೌಚ್ ಬಿಟ್ಟು ಶಾಶ್ವತ ಬ್ಯಾಗಿಗೆ ಹೋಗಬೇಕಾಗುತ್ತದೆ. ಈ ಸಾಧ್ಯತೆಯನ್ನು ಒಪ್ಪಿಕೊಂಡ ಮೇಲೆಯೇ ನಾನು ಸಹಿ ಹಾಕಿದ್ದು.

ಉಳಿದ ಬ್ಯಾಗ್‌ಗಳನ್ನು ಹೊಸನಗರದ ಒಬ್ಬರಿಗೆ ಕೊಟ್ಟೆ. ಎರಡನ್ನು ಅಟ್ಟದ ಮೇಲಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ. ಅಂಟಿನ ತಾರೀಕು ಮುಗಿದಿದೆ, ಹೊಸದು ತರಬೇಕು ಅಂತ ಹೆಂಡತಿ ಮೊನ್ನೆಯೂ ನೆನಪಿಸಿದಳು.